ಉಂಡಿ ಉಂಡಿ?

ಯಲಬುರ್ಗಾದ ಸಂತೆ. ಶ್ರಾವಣ ಇನ್ನೂ ಮುಗಿದಿರಲಿಲ್ಲ. ವಾರವಿಡೀ ಹನಿದ ಮಳೆ ಅಂದು ಬೆಳಿಗ್ಗೆಯಷ್ಟೇ ಹೊಳವಾಗಿತ್ತು. ಕೆಸರು ದಾಟಿಕೊಂಡು ಬಂದ ಇಬ್ಬರು ರೈತರು ಎದುರಾದರು.

"ಏನ್ ಮಾವಾ, ಈ ಸಲ ಹೆಸರು ಹೆಂಗೈತಿ?"

"ಹೆಸರು ಕೆಟ್ಟು ಹೋತು ಅಳಿಯಾ. ಮನಷ್ಯಾ ಚೊಲೊ ಅದೀನಿ."

ಇಬ್ಬರೂ ನಕ್ಕರು. ಪಕ್ಕದಲ್ಲಿ ಉಳ್ಳಾಗಡ್ಡಿ ಆರಿಸುತ್ತಿದ್ದ ನಾನೂ ನಕ್ಕೆ. ಆ ಮಾತು ಉಳ್ಳಾಗಡ್ಡಿಯ ಜೊತೆಗೆ ಚೀಲ ಸೇರಿ ಮನೆಗೂ ಬಂತು. ಇಷ್ಟು ದಿನಗಳಾದರೂ ಅದರ ರುಚಿ ನಾಲಿಗೆಯಿಂದ ಇಳಿದಿಲ್ಲ.

ನಗೆಮಾತನ್ನು ಬಿಡಿಸಿ ಹೇಳಿದರೆ ಅದು ಸತ್ತುಹೋಗುತ್ತದೆ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಸಿಪ್ಪೆ ಒಡೆಯದೆ ಶೇಂಗಾದ ಕಾಳು ಕೈಗೆ ಬರುವುದಿಲ್ಲ. ನಮ್ಮ ಕಡೆ 'ಬಿಡಿಸು' ಎಂಬ ಮಾತು ಹೊಲದ್ದೂ ಹೌದು, ಹರಟೆಕಟ್ಟೆಯದ್ದೂ ಹೌದು. ಹತ್ತಿಯನ್ನೂ ಬಿಡಿಸುತ್ತೇವೆ, ಹೆಸರುಕಾಯಿಯನ್ನೂ ಬಿಡಿಸುತ್ತೇವೆ, ಒಗಟನ್ನೂ ಬಿಡಿಸುತ್ತೇವೆ. ಹಾಗಾಗಿ ಈ ಹೆಸರನ್ನು ಬಿಡಿಸಿಯೇ ನೋಡೋಣ.

ಕೊಪ್ಪಳ ಜಿಲ್ಲೆಯ ಎರೆಹೊಲಗಳಲ್ಲಿ ಹೆಸರು ಮುಂಗಾರಿನ ಮೊದಲ ಬೆಳೆ. ಬಿತ್ತಿದ 60, 70 ದಿನಕ್ಕೆ ಕಾಯಿ ಬಲಿತು ಕಪ್ಪಾಗುತ್ತದೆ. ಹಿಂಗಾರಿನ ಬಿತ್ತನೆಗೆ ಮುಂಚೆ ರೈತನ ಕೈಗೆ ನಾಲ್ಕು ಕಾಸು ಕೊಡುವ ಬೆಳೆ ಅದು. ಬಿಡಿಸುವ ಹೊತ್ತಿಗೆ ಮಳೆ ಹಿಡಿದರೆ ಕಾಯಿಯೊಳಗೇ ಕಾಳು ಮೊಳಕೆಯೊಡೆಯುತ್ತದೆ, ಬಣ್ಣ ಕೆಡುತ್ತದೆ, ದರ ಬೀಳುತ್ತದೆ. ಮಾವ ಹೇಳಿದ್ದು ಆ ಸುದ್ದಿ. ಆದರೆ ಕನ್ನಡದಲ್ಲಿ ಹೆಸರು ಕೆಡುವುದೆಂದರೆ ಮಾನ ಹೋಗುವುದು. ಅವನು ಎರಡನೆಯ ಅರ್ಥವನ್ನು ಬಾಗಿಲ ತನಕ ಬರಗೊಟ್ಟು, 'ಮನಷ್ಯಾ ಚೊಲೊ ಅದೀನಿ' ಎಂದು ಅಲ್ಲೇ ತಡೆದ. ಬೆಳೆ ಹೋಯಿತು, ಮಾನ ಉಳಿಯಿತು. ನಷ್ಟದ ಲೆಕ್ಕವನ್ನೂ ಧೈರ್ಯದ ಲೆಕ್ಕವನ್ನೂ ಒಂದೇ ಉಸಿರಿನಲ್ಲಿ ಒಪ್ಪಿಸಿಬಿಟ್ಟ.

ಇಂಥ ಮಾತಿಗೆ ನಮ್ಮ ಲಾಕ್ಷಣಿಕರು ಇಟ್ಟ ಹೆಸರು ಶ್ಲೇಷೆ. ಆ ಸಂಸ್ಕೃತ ಪದದ ಮೂಲದಲ್ಲಿರುವುದು ಅಪ್ಪಿಕೊಳ್ಳುವುದು, ಅಂಟಿಕೊಳ್ಳುವುದು. ಎರಡು ಅರ್ಥಗಳು ಒಂದೇ ಶಬ್ದದೊಳಗೆ ಅಪ್ಪಿಕೊಂಡು ಕೂತಿರುತ್ತವೆ. ಪದವನ್ನು ಒಡೆಯದೆಯೇ ಎರಡೂ ಅರ್ಥ ಸಿಕ್ಕರೆ ಅಭಂಗ ಶ್ಲೇಷೆ, ಒಡೆದಾಗ ಸಿಕ್ಕರೆ ಸಭಂಗ ಶ್ಲೇಷೆ. ಸಂತೆಯ ಹೆಸರು ಅಭಂಗ, ಇಡಿಯ ಕಾಳು. ಸಭಂಗಕ್ಕೆ ಹೋಳಿಗೆಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಹೋಳಿಗೆ ಎಂದರೆ ಹೂರಣದ ಸಿಹಿ. ಹೋಳಿ ಹುಣ್ಣಿಮೆಯ 'ಹೋಳಿ'ಗೆ ಚತುರ್ಥಿ ವಿಭಕ್ತಿ ಹಚ್ಚಿದರೆ ಅದೂ ಹೋಳಿಗೆ. ಹೋಳು, ಎಂದರೆ ತುಂಡು. ಅದಕ್ಕೂ ಅದೇ ವಿಭಕ್ತಿ ಹಚ್ಚಿದರೆ ಮತ್ತೆ ಹೋಳಿಗೆ. ಈಗ ಮೂರನ್ನೂ ಒಂದೇ ತಟ್ಟೆಗೆ ಹಾಕಿ ನೋಡಿ: "ಹೋಳಿಗೆ ಮಾಡಿದ ಹೋಳಿಗೆ, ಹೋಳಿಗೆ ಒಂದು ಚಮಚ ತುಪ್ಪ." ಹಬ್ಬಕ್ಕೆಂದು ಮಾಡಿದ ಸಿಹಿ, ತುಂಡಿಗೊಂದು ಚಮಚ ತುಪ್ಪ. ಒಂದೇ ಧ್ವನಿ ಮೂರು ಸಲ ಬಂದು ಮೂರು ಕೆಲಸ ಮಾಡಿತು. ಮೊದಲನೆಯದು ಯಾವಾಗ ಎಂದಿತು, ಎರಡನೆಯದು ಏನು ಎಂದಿತು, ಮೂರನೆಯದು ಎಷ್ಟಕ್ಕೆ ಎಂದಿತು. ನಮ್ಮ ಕಡೆ ಹೋಳಿ ಹುಣ್ಣಿಮೆಗೆ ಹೋಳಿಗೆ ಮಾಡುವುದು ನಿಜವೇ ಆದ್ದರಿಂದ ವಾಕ್ಯ ಬರಿಯ ಶಬ್ದದ ಆಟವಾಗದೆ ಅಡುಗೆಮನೆಯ ಸತ್ಯವೂ ಆಯಿತು.

ನನಗೆ ಶ್ಲೇಷೆಯ ಹದ ತಿಳಿದದ್ದು ಇಲ್ಲೇ. ಎರಡೂ ಅರ್ಥ ಬೆಂದಿರಬೇಕು. "ಪೂರಿ ಪೂರಾ ತಿನ್ರಿ" ಎಂದರೆ ಕಿವಿಗೆ ಹಿತ, ಅಷ್ಟೇ. ಹಪ್ಪಳದ ಹಾಗೆ ಸದ್ದು ಮಾಡಿ ಮುಗಿಯುತ್ತದೆ. "ಉಪ್ಪಿಟ್ಟು ಮಾಡೀರಿ, ಉಪ್ಪ ಇಟ್ಟಿಲ್ಲ" ಎಂಬುದು ಅದಕ್ಕಿಂತ ಒಂದು ಮೆಟ್ಟಿಲು ಮೇಲೆ. ಉಪ್ಪು ಮತ್ತು ಹಿಟ್ಟು ಕೂಡಿದ ತಿಂಡಿಯ ಹೆಸರಲ್ಲಿ 'ಉಪ್ಪು ಇಟ್ಟು' ಎಂಬ ಕ್ರಿಯೆಯೂ ಕೇಳಿಸುತ್ತದೆ. ಹೆಸರು ಕೊಟ್ಟ ಮಾತನ್ನು ಕೈ ನಡೆಸಲಿಲ್ಲ ಎಂಬ ದೂರು ಅದು. ದೂರನ್ನು ನಗೆಯೊಳಗೆ ಸುತ್ತಿ ಕೊಟ್ಟಿದ್ದರಿಂದ ಮಾಡಿದವರ ಮನಸ್ಸು ನೋಯುವುದಿಲ್ಲ, ಉಪ್ಪಿನ ಡಬ್ಬಿಯೂ ಬೇಗ ಬರುತ್ತದೆ.

ಆದರೆ ಹೋಳಿಗೆಯ ಈ ವಾಕ್ಯ ಪುಸ್ತಕದ ಕನ್ನಡದಲ್ಲಿ ಬೆಂದದ್ದು. ನಮ್ಮ ಬಾಯಲ್ಲಿ ಅದು 'ಹೋಳಿಗಿ'. ಮನೆ ಮನಿ ಆಗುತ್ತದೆ, ದೋಸೆ ದ್ವಾಸಿ ಆಗುತ್ತದೆ, ಒಗ್ಗರಣೆ ವಗ್ಗರಣಿ ಆಗುತ್ತದೆ. ವಿಭಕ್ತಿಯನ್ನು 'ಗೆ' ಎಂದೇ ಆಡುವವರ ಮನೆಯಲ್ಲಿ ಹಬ್ಬಕ್ಕೆ 'ಹೋಳಿಗೆ', ತಿನ್ನುವುದಕ್ಕೆ 'ಹೋಳಿಗಿ'. ಕೊನೆಯ ಒಂದು ಸ್ವರ ಹೊರಳಿದ್ದೇ ತಡ, ಅಪ್ಪಿಕೊಂಡಿದ್ದ ಅರ್ಥಗಳು ಕೈ ಬಿಟ್ಟವು. ಕನ್ನಡದಿಂದ ಕನ್ನಡಕ್ಕೆ ಬರುವಾಗಲೂ ನಗೆ ದಾರಿಯಲ್ಲಿ ಚೆಲ್ಲಿಹೋಗುತ್ತದೆ. ಈ ಸ್ವರ ಕಸಿದುಕೊಂಡದ್ದನ್ನು ಮರಳಿ ಕೊಡುತ್ತದೆಯೇ ಎಂಬ ಪ್ರಶ್ನೆಯನ್ನು ಇಲ್ಲೇ ಇಟ್ಟು ಮುಂದೆ ಹೋಗುತ್ತೇನೆ.

ಗಂಗಾವತಿ ತಾಲ್ಲೂಕಿನ ಆನೆಗೊಂದಿಯ ದಂಡೆಯಲ್ಲಿ ನಿಂತರೆ ತುಂಗಭದ್ರೆಯ ಆಚೆ ಹಂಪಿ. ಅಲ್ಲಿ ಹೊಳೆಗೆ ಅಂಟಿಕೊಂಡು ಪುರಂದರ ಮಂಟಪವಿದೆ. 16ನೆಯ ಶತಮಾನದ ಪುರಂದರದಾಸರು ಭಿಕ್ಷೆಗೆ ರಾಗಿ ಕೇಳುವ ಕೀರ್ತನೆಯನ್ನು ಕೇಳದ ಕನ್ನಡಿಗರು ವಿರಳ. ಉಣ್ಣುವ ವಸ್ತುವಿನ ಮೇಲೆ ಕನ್ನಡದಲ್ಲಿ ಕಟ್ಟಿದ ಶ್ಲೇಷೆಗಳಲ್ಲಿ ಅದಕ್ಕೆ ಮೊದಲ ಮಣೆ. ಅದರ ಕೀಲು ಎಲ್ಲಿದೆ ನೋಡಿ. ನಾವು 'ಹಿರಿಯರಾಗಿ', 'ಗೆಳೆಯರಾಗಿ' ಎನ್ನುತ್ತೇವೆ. 'ರು' ಎಂಬ ಬಹುವಚನಕ್ಕೆ 'ಆಗಿ' ಸೇರಿದಾಗ ಮಧ್ಯೆ ತಾನೇ ತಾನಾಗಿ 'ರಾಗಿ' ಹುಟ್ಟುತ್ತದೆ. ದಿನಕ್ಕೆ ನೂರು ಸಲ ನಮ್ಮ ಬಾಯಿಂದ ಉದುರುತ್ತಿದ್ದ ಆ ರಾಗಿಯನ್ನು ಆಯ್ದುಕೊಂಡವರು ದಾಸರು. ಮನೆಯೊಡತಿಗೆ ಕೇಳಿಸುವುದು ಧಾನ್ಯ. ಮನಸ್ಸಿಗೆ ಕೇಳಿಸುವುದು ಇಂಥವರಾಗಿ, ಅಂಥವರಾಗಿ ಎಂಬ ಹಾರೈಕೆ. ಬೇಡುತ್ತಿರುವವರು ಯಾರು, ಕೊಡುತ್ತಿರುವವರು ಯಾರು ಎಂಬುದೇ ಅದಲುಬದಲಾಗುತ್ತದೆ. ಜೋಳಿಗೆ ತುಂಬುವ ಮೊದಲೇ ಮನೆಯವರ ಮಡಿಲು ತುಂಬಿರುತ್ತದೆ.

ಇದನ್ನು ನಮ್ಮ ನೆಲದ ಧಾನ್ಯದಲ್ಲಿ ಮತ್ತೆ ಮಾಡಬಹುದೇ ಎಂದು ನಾನು ಬಹಳ ಸಲ ಯತ್ನಿಸಿದ್ದೇನೆ. ಕುಷ್ಟಗಿ, ಯಲಬುರ್ಗಾದ ಮಳೆಯಾಶ್ರಿತ ಹೊಲಗಳದ್ದು ಜೋಳ, ಸಜ್ಜೆ. ಜೋಳ ಯಾವ ಪ್ರತ್ಯಯದೊಳಗೂ ಅಡಗುವುದಿಲ್ಲ, ರೊಟ್ಟಿಯ ಹಾಗೆ ಎದುರಿಗೇ ಕೂರುತ್ತದೆ. "ಸಜ್ಜಿ ರೊಟ್ಟಿ ತಿಂದು ಸಜ್ಜಾದರು" ಎಂದರೆ ಹತ್ತಿರ ಬಂತು. ಆದರೆ ಸಜ್ಜಿ, ಸಜ್ಜು ನೆಂಟರೇ ಹೊರತು ಅವಳಿಗಳಲ್ಲ. ಗಂಗಾವತಿ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕುಡಿದು ಭತ್ತ ಬೆಳೆಯುವ ನಾಡು. ಅಲ್ಲಿ ಮಾತ್ರ ಒಂದು ಗಟ್ಟಿ ಕಾಳು ಸಿಕ್ಕಿತು: "ಕಾಲುವಿ ಬತ್ತಿದ್ರ ಬತ್ತ ಎಲ್ಲಿಂದ?" ಆಡುಮಾತಿನಲ್ಲಿ ಭತ್ತದ ಮಹಾಪ್ರಾಣ ಕರಗಿ 'ಬತ್ತ' ಆಗುತ್ತದೆ, 'ಬತ್ತು' ಎಂಬ ಕ್ರಿಯಾಪದದ ಪಕ್ಕ ಹೋಗಿ ನಿಲ್ಲುತ್ತದೆ. ನೀರು ಇಂಗುವುದಕ್ಕೂ ನೀರಿಲ್ಲದೆ ಬದುಕದ ಬೆಳೆಗೂ ಹೆಚ್ಚುಕಡಿಮೆ ಒಂದೇ ಉಚ್ಚಾರ. ಕಾಲುವೆಯ ಕೊನೆಯ ಹೊಲದವನಿಗೆ ಇದರ ಅರ್ಥವನ್ನು ಯಾರೂ ವಿವರಿಸಬೇಕಾಗಿಲ್ಲ.

ಕನಕದಾಸರ ರಾಮಧಾನ್ಯಚರಿತೆಯಲ್ಲಿ ಭತ್ತಕ್ಕೂ ನರೆದಲಗಕ್ಕೂ, ಎಂದರೆ ರಾಗಿಗೂ, ಜಗಳ ಬೀಳುತ್ತದೆ. ರಾಮ ರಾಗಿಯ ಪಕ್ಷ ವಹಿಸಿ ತನ್ನ ರಾಘವ ಎಂಬ ಹೆಸರನ್ನೇ ಅದಕ್ಕೆ ಕೊಡುತ್ತಾನೆ. ಧಾನ್ಯವೊಂದು ಹೆಸರು ಪಡೆದ ಕಥೆ ಅದು. ನನಗೆ ಬೆರಗೆನಿಸುವುದು ಇದು: ನಮ್ಮ ಇನ್ನೊಂದು ಕಾಳಿಗೆ ಹೆಸರೆಂಬುದೇ ಹೆಸರು. ಪುರಂದರದಾಸರ ರಾಗಿಗೆ ಜೋಡಿಯಾಗಿ ನಮ್ಮ ಎರೆಹೊಲದಿಂದ ಏನಾದರೂ ಕೊಡುವುದಿದ್ದರೆ ಅದನ್ನೇ ಕೊಡಬೇಕು. "ನಮ್ಮೂರಾಗ ಎಲ್ಲಾರೂ ಹೆಸರು ಮಾಡ್ಯಾರ" ಎಂದು ಮುಂಗಾರಿನಲ್ಲಿ ಯಾರಾದರೂ ಹೇಳಿದರೆ ಬಿತ್ತನೆಯೂ ಆಯಿತು, ಕೀರ್ತಿಯೂ ಆಯಿತು.

ಈಗ ಹೋಟೆಲಿಗೆ ಬರೋಣ. ಕನ್ನಡದ ಅತಿ ಹಳೆಯ ಹೋಟೆಲ್ ನಗೆಗಳಲ್ಲೊಂದು ಇಡ್ಲಿಯದು. ಸಾಮಾನ್ಯವಾಗಿ ಅದನ್ನು ಹೇಳುವುದು ಹೀಗೆ: ಮಾಣಿ ಇಡ್ಲಿ ತಂದು "ಎಲ್ಲಿಡ್ಲಿ?" ಎನ್ನುತ್ತಾನೆ, ಗಿರಾಕಿ "ನಿನ್ನ ಕೈಯಾಗೈತಲ್ಲಪಾ" ಎನ್ನುತ್ತಾನೆ. ನಗೆ ಬರುತ್ತದೆ, ಆದರೆ ಅರೆಬೆಂದದ್ದು. ಇಡ್ಲಿ ಕಣ್ಣೆದುರಿಗೇ ಇರುವಾಗ 'ಎಲ್ಲಿ ಇಡ್ಲಿ' ಎಂಬ ಪ್ರಶ್ನೆ ಯಾರಿಗೂ ಹುಟ್ಟುವುದಿಲ್ಲ. ಎರಡನೆಯ ಅರ್ಥವನ್ನು ಗಿರಾಕಿ ಬಲವಂತವಾಗಿ ಎಳೆದು ತರಬೇಕಾಗುತ್ತದೆ.

ಅದನ್ನೇ ಕೊಪ್ಪಳದ ಒಲೆಯ ಮೇಲೆ ಇಟ್ಟು ನೋಡೋಣ. ಇಲ್ಲಿ ಮುಂಜಾನೆ ಎಂದರೆ ಮಂಡಾಳ ವಗ್ಗರಣಿ, ಜೊತೆಗೆ ಬಿಸಿ ಮಿರ್ಚಿ. ಇಡ್ಲಿ ಕೇಳಿದವರು ಸ್ವಲ್ಪ ಕಾಯಬೇಕಾಗುತ್ತದೆ. ಒಬ್ಬರು ಅರ್ಧ ತಾಸಿನಿಂದ ಕೂತಿದ್ದಾರೆ. ಹುಡುಗ ಎರಡೂ ಕೈಯಲ್ಲಿ ಬೇರೆ ಯಾರದೋ ವಗ್ಗರಣಿ, ಮಿರ್ಚಿ ತಟ್ಟೆ ಹಿಡಿದು ಬಂದು, ಟೇಬಲ್ ಮೇಲೆ ಜಾಗ ಕಾಣದೆ ಕೇಳುತ್ತಾನೆ: "ಎಲ್ಲಿಡ್ಲಿರೀ?" ಇವರು ತಲೆಯೆತ್ತಿ ಹೇಳುತ್ತಾರೆ: "ನಾನೂ ಅದನ್ನ ಕೇಳಾಕತ್ತೀನಪಾ ಅರ್ಧ ತಾಸಿನಿಂದ."

ಬದಲಾದದ್ದು ಎರಡೇ. ಹುಡುಗನ ಕೈಯಿಂದ ಇಡ್ಲಿ ತೆಗೆದೆವು, ಗಿರಾಕಿಯ ಹೊಟ್ಟೆಗೆ ಹಸಿವು ಹಾಕಿದೆವು. ಈಗ ಹುಡುಗನ ಪ್ರಶ್ನೆಯೂ ನಿಜ, ಗಿರಾಕಿಯ ಪ್ರಶ್ನೆಯೂ ನಿಜ, ಇಬ್ಬರೂ ಆಡಿದ ಶಬ್ದ ಒಂದೇ. ಇಬ್ಬರೂ ಒಂದೇ ಮಾತು ಕೇಳಿಯೂ ಯಾರಿಗೂ ಉತ್ತರ ಸಿಗಲಿಲ್ಲ. ಬರವಣಿಗೆಯಲ್ಲಿ 'ಎಲ್ಲಿ' ಮತ್ತು 'ಇಡ್ಲಿ' ನಡುವೆ ಜಾಗ ಬಿಡಬೇಕೋ ಬೇಡವೋ ಎಂದು ಅಚ್ಚಿನವರು ಕಷ್ಟಪಡುತ್ತಾರೆ. ಜಾಗ ಬಿಟ್ಟರೆ ಒಂದರ್ಥ, ಬಿಡದಿದ್ದರೆ ಇನ್ನೊಂದು. ಬಾಯಿಗೆ ಆ ಕಷ್ಟವಿಲ್ಲ. ಶ್ಲೇಷೆ ಹುಟ್ಟುವುದೂ ಬಾಳುವುದೂ ಬಾಯಲ್ಲೇ.

ಕಾಯುವ ಮಾತು ಬಂತು. ಕನ್ನಡದಲ್ಲಿ ಹಾಲನ್ನೂ ಕಾಯಿಸುತ್ತಾರೆ, ನೆಂಟರನ್ನೂ ಕಾಯಿಸುತ್ತಾರೆ. "ಹಾಲನ್ನೂ ಕಾಯಿಸಿದರು, ನಮ್ಮನ್ನೂ ಕಾಯಿಸಿದರು, ಹಾಲು ಮೊದಲು ಉಕ್ಕಿತು" ಎಂದು ಸೇರಿಸಿದರೆ ನಮಗೂ ಉಕ್ಕುವ ಹೊತ್ತು ಹತ್ತಿರವಾಗಿತ್ತು ಎಂಬುದು ಹೇಳದೆಯೇ ತಿಳಿಯುತ್ತದೆ. ಇದಕ್ಕಿಂತ ನನಗೆ ಪ್ರಿಯವಾದದ್ದು ಇನ್ನೊಂದು. ಹುಣ್ಣಿಮೆಯ ದಿನ ಹುಲಿಗಿಯಲ್ಲಿ ಹುಲಿಗೆಮ್ಮನ ದರ್ಶನಕ್ಕೆ ಸಾಲು ಎಷ್ಟು ಉದ್ದ ಎಂಬುದು ಹೋದವರಿಗೆ ಗೊತ್ತು. ತೆಂಗಿನಕಾಯಿ ಕೈಯಲ್ಲಿ ಹಿಡಿದು ನಿಂತವರ ಬಾಯಿಗೆ ಈ ಮಾತು ಒಪ್ಪುತ್ತದೆ: "ಕಾಯಿ ತಂದೆ, ಕಾಯಿ ಅಂದರು, ಕಾದು ಹಣ್ಣಾದೆ." ಮೊದಲ ಕಾಯಿ ತೆಂಗಿನದು, ಎರಡನೆಯದು ಅಪ್ಪಣೆ. ಮೂರನೆಯ ಹೆಜ್ಜೆಯಲ್ಲಿ ಭಾಷೆಯೂ ಪ್ರಕೃತಿಯೂ ಕೈ ಕೂಡಿಸುತ್ತವೆ. ಕಾಯಿ ಹಣ್ಣಾಗುವುದು ಸೃಷ್ಟಿಯ ನಿಯಮ. ಕಾದು ದಣಿದವನು ಹಣ್ಣಾದೆ ಎನ್ನುವುದು ಕನ್ನಡದ ನುಡಿಗಟ್ಟು. ದೇವಿಯ ಮುಂದೆ ಕಾಯಿಯೂ ಒಡೆಯಿತು, ದಣಿವೂ ಒಡೆಯಿತು ಎಂದು ಮುಗಿಸಬಹುದಿತ್ತು, ಆದರೆ ನಾನು ಮುಗಿಸುವುದಿಲ್ಲ. ಹಣ್ಣಾದ ಮೇಲೆ ಮತ್ತೆ ಉಪ್ಪು ಖಾರ ಹಾಕಬಾರದು.

ದಕ್ಷಿಣದ ನೆಂಟರು ನಮ್ಮ ಪಂಕ್ತಿಯಲ್ಲಿ ಕೂತಾಗ ಹುಟ್ಟುವ ನಗೆಗಳದ್ದೇ ಬೇರೆ 'ರುಚಿ'. "ಶೇಂಗಾ ಹಿಂಡಿ ಹಾಕ್ಲೇನ್ರಿ?" ಎಂದರೆ ಅವರು ಬೆಚ್ಚುತ್ತಾರೆ. ಅವರಿಗೆ ಹಿಂಡಿ ಎಂದರೆ ಗಾಣದಲ್ಲಿ ಎಣ್ಣೆ ತೆಗೆದ ಮೇಲೆ ಉಳಿದು ಎತ್ತು, ಎಮ್ಮೆಗೆ ಹೋಗುವುದು. ನಮಗೆ ಅದು ಶೇಂಗಾ, ಬಳ್ಳೊಳ್ಳಿ, ಖಾರ ಕುಟ್ಟಿದ ಪುಡಿ. ಮೊಸರು ಕಲಸಿ ಬಿಸಿ ರೊಟ್ಟಿಗೆ ಹಚ್ಚಿಕೊಂಡರೆ ಬೇರೆ ಪಲ್ಯ ಬೇಡ. ಅವರ ಒಂದು ಮಾತಿಗೆ ಬೆಚ್ಚುವ ಸರದಿ ನಮ್ಮದು. ಅವರು "ಬಡಿಸಿ" ಎನ್ನುತ್ತಾರೆ. ನಮ್ಮ ಹಳ್ಳಿಯ ಹಿರಿಯರು ತಿರುಗಿ ಕೇಳುತ್ತಾರೆ: "ಯಾಕ್ರೀ ಯಪ್ಪಾ, ಅಂಥಾ ತಪ್ಪೇನ್ ಮಾಡೀರಿ?" ನಮ್ಮಲ್ಲಿ ಬಡಿಯುವುದು ರೊಟ್ಟಿಯನ್ನು. ಊಟವನ್ನು ನಾವು ನೀಡುತ್ತೇವೆ.

ಉಳ್ಳಾಗಡ್ಡಿಯ ಮೇಲೊಂದು ಮಾತಿದೆ. ದರ ಏರಿದ ವರ್ಷ ಅದು ಉಳ್ಳವರ ಗಡ್ಡಿ. ದರ ಬಿದ್ದ ವರ್ಷ ಬೆಳೆದವನಿಗೆ ಉಳಿಯುವುದು ಬರೇ ಗಡ್ಡಿ. ಇದೇ ಪದಾರ್ಥ ಈರುಳ್ಳಿ ಎಂದಾದರೆ ಈ ಮಾತಿಗೆ ಕಾಲೂರಲು ನೆಲವಿಲ್ಲ.

ನಮ್ಮ ಭಾಗದಲ್ಲಿ ಮಾತನ್ನು ಹೀಗೆ ಮಗುಚಿ ಹಾಕಿ ನೋಡುವ ಅಭ್ಯಾಸಕ್ಕೆ ಹಿರಿಯರ ಬೆನ್ನುಬಲವಿದೆ. 1913ರಲ್ಲಿ ಹರಪನಹಳ್ಳಿಯಲ್ಲಿ ಹುಟ್ಟಿದ ರಾಯಸಂ ಭೀಮಸೇನರಾವ್ 'ಬೀಚಿ' ಎಂಬ ಹೆಸರಲ್ಲಿ ಕನ್ನಡವನ್ನು ನಗಿಸಿದರು. ಆ ಹೆಸರಿನ ಮೊದಲ ಅಕ್ಷರವನ್ನು ಕನ್ನಡದಲ್ಲೂ ಎರಡನೆಯದನ್ನು ಇಂಗ್ಲಿಷಿನಲ್ಲೂ ಬರೆಯುತ್ತಿದ್ದರು. ಸಹಿಯೇ ಎರಡು ಭಾಷೆಯ ಅಪ್ಪುಗೆ. ಆತ್ಮಕಥೆಗೆ ಅವರಿಟ್ಟ ಹೆಸರು 'ನನ್ನ ಭಯಾಗ್ರಫಿ'. ಬಾಳಿನ ಕಥೆಯೊಳಗೆ ಭಯ ಹೇಗೆ ಬಂದು ಕೂತಿತು ಎಂಬುದನ್ನು ಒಂದೇ ಪದ ಹೇಳಿ ಮುಗಿಸಿತು. ಆ ಬೀಚಿಯವರನ್ನು ವೇದಿಕೆಯ ಮೂಲಕ ಊರೂರಿಗೆ ಕೊಂಡೊಯ್ದವರು ಗಂಗಾವತಿಯ ಪ್ರಾಣೇಶರು. ಅವರನ್ನು ಜನ ಅಭಿನವ ಬೀಚಿ ಎಂದು ಕರೆಯುತ್ತಾರೆ. ಈ ಸೀಮೆಯ ಆಡುಮಾತಿನಲ್ಲೇ ಸಾವಿರಾರು ಜನರನ್ನು ಹೊತ್ತುಗಟ್ಟಲೆ ಕೂರಿಸಬಹುದು ಎಂಬುದನ್ನು ಅವರು ತೋರಿಸಿಕೊಟ್ಟರು. ಇನ್ನೂ ಹಿಂದೆ ಹೋದರೆ, 9ನೆಯ ಶತಮಾನದ ಕವಿರಾಜಮಾರ್ಗ ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಎತ್ತಿ ಹೇಳುವ ಊರುಗಳಲ್ಲಿ ಕೊಪಣವೂ ಒಂದು. ಅದೇ ಇಂದಿನ ಕೊಪ್ಪಳ. ಒಳ್ಳೆಯ ಕನ್ನಡಕ್ಕೆ ತಿರುಳು ಎಂಬ ಪದವನ್ನು ಆರಿಸಿದವರಿಗೂ ಮಾತು ಮತ್ತು ತಿನಿಸು ದೂರದವು ಅನ್ನಿಸಿರಲಿಲ್ಲ.

ಎಲ್ಲ ಶ್ಲೇಷೆಯೂ ನಗಿಸಬೇಕೆಂದಿಲ್ಲ. ಪುಷ್ಯ ಮಾಸದಲ್ಲಿ ಕೊಪ್ಪಳದ ಗವಿಮಠದ ಜಾತ್ರೆ. ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ದಿನಗಟ್ಟಲೆ ಮುಂಚಿನಿಂದ ರೊಟ್ಟಿ ಬಡಿಯುತ್ತಾರೆ. ಕಟಕ ರೊಟ್ಟಿಗಳ ಹೇರು ಬಂಡಿ, ಟ್ರ್ಯಾಕ್ಟರುಗಳಲ್ಲಿ ಮಠಕ್ಕೆ ಬರುತ್ತದೆ. ದಾಸೋಹದ ಪಂಕ್ತಿಯಲ್ಲಿ ಯಾರೋ ಬಡಿದ ರೊಟ್ಟಿಯನ್ನು ಇನ್ಯಾರೋ ನೀಡುತ್ತಾರೆ, ಹೆಸರು ಕೇಳದೆ ಮತ್ತ್ಯಾರೋ ಉಣ್ಣುತ್ತಾರೆ. ನೀಡು ಎಂದರೆ ಎಲೆಗೆ ಹಾಕುವುದು, ನೀಡು ಎಂದರೆ ದಾನ ಕೊಡುವುದು. ಅಲ್ಲಿ ಆ ಎರಡನ್ನು ಬಿಡಿಸಲು ಹೋದರೆ ನನ್ನ ಕೈಲಾಗುವುದಿಲ್ಲ. ಒಂದನ್ನೊಂದು ಅಷ್ಟು ಗಟ್ಟಿಯಾಗಿ ಅಪ್ಪಿಕೊಂಡಿವೆ.

ಹೋಳಿಗೆಯ ಹತ್ತಿರ ಇಟ್ಟು ಬಂದ ಪ್ರಶ್ನೆಗೆ ಈಗ ಮರಳುತ್ತೇನೆ. ಓದುವ ಕನ್ನಡದಲ್ಲಿ "ಉಂಡೆ ಉಂಡೆ" ಎಂಬ ಹಳೆಯ ಚಮತ್ಕಾರವಿದೆ. ಒಂದು ಉಂಡೆ ಶೇಂಗಾದ್ದೋ ಎಳ್ಳಿನದ್ದೋ, ಇನ್ನೊಂದು ನಾನು ಉಂಡೆ ಎಂಬ ವರದಿ. ಸಿಹಿ ಸಿಕ್ಕವನು ತನ್ನ ಸುಖವನ್ನು ತಾನೇ ಹೇಳಿಕೊಳ್ಳುತ್ತಾನೆ. ಹೋಳಿಗೆಯನ್ನು ಹೋಳಿಗಿ ಮಾಡಿ ನಮ್ಮ ನಗೆ ಕಸಿದ ಅದೇ ಸ್ವರ ಇಲ್ಲಿಗೂ ಬರುತ್ತದೆ, ಉಂಡೆಯನ್ನು ಉಂಡಿ ಮಾಡುತ್ತದೆ. ನಮ್ಮ ಮಾತಿನಲ್ಲಿ 'ಉಂಡಿ' ಎಂದರೆ ನೀನು ಉಂಡೆ ಎಂದರ್ಥ. "ಉಂಡಿ ಉಂಡಿ?" ಎಂದ ಕೂಡಲೇ ಅದು ಎದುರಿನವರನ್ನು ವಿಚಾರಿಸುವ ಪ್ರಶ್ನೆಯಾಯಿತು. 'ನಾನು' ಇದ್ದಲ್ಲಿ 'ನೀನು' ಬಂದು ಕೂತಿತು.

ನಾಗರ ಪಂಚಮಿ ನಮ್ಮಲ್ಲಿ ಉಂಡಿಯ ಹಬ್ಬ. ಶೇಂಗಾ ಉಂಡಿ, ಎಳ್ಳುಂಡಿ, ಜೊತೆಗೆ ಅಳ್ಳು, ತಂಬಿಟ್ಟು. ಬೇವಿನ ಮರಕ್ಕೆ ಕಟ್ಟಿದ ಜೋಕಾಲಿಯಿಂದ ಇಳಿದು ಒಳಗೆ ಓಡಿಬಂದರೆ ನಮ್ಮಜ್ಜಿ ಡಬ್ಬಿಯ ಮುಂದೆ ಕೂತೇ ಕೇಳುತ್ತಿದ್ದಳು: "ಉಂಡಿ ಉಂಡಿ?" ಮೊದಲೇ ತುಂಬಿದ್ದ ಬಾಯಿ. ಹೂಂ ಅನ್ನಲೂ ಆಗುತ್ತಿರಲಿಲ್ಲ. ಉತ್ತರ ಬಾರದಿದ್ದರೆ ಉಂಡಿಲ್ಲ ಎಂದೇ ಅವಳ ಲೆಕ್ಕ. ಡಬ್ಬಿಯ ಮುಚ್ಚಳ ತೆಗೆದು ಇನ್ನೊಂದನ್ನು ಕೈಗೆ ಇಡುತ್ತಿದ್ದಳು.